ದೊಡ್ಡಮ್ಮನ ಮುಖ್ತ್ಯಾರ್‌ನಾಮೆ

ನನ್ನ ದೊಡ್ಡಮ್ಮ ಮಾಸ್ತಮ್ಮ ತಮ್ಮ ಗದ್ದೆ ಮಾರಲು ನನಗೆ ಮುಖ್ತ್ಯಾರ್‌ನಾಮೆ ಬರೆದುಕೊಟ್ಟಿದ್ದರು. ಅರವತ್ಮೂರರ ಬೇಸಿಗೆಯಲ್ಲಿ ಅದನ್ನು ಹಿಡಿದು ಸಾಗರದ ನೋಂದಣಿ ಕಚೇರಿಗೆ ಹೋದೆ. ಬರೆದುಕೊಟ್ಟವರು ಸತ್ತರೆ ಅಂಥ ಪತ್ರ ನಡೆಯುವುದಿಲ್ಲ, ಅದಕ್ಕೇ ಸಾಹೇಬರು ಕೇಳಿದರು: "ನಿಮ್ಮ ದೊಡ್ಡಮ್ಮ ಬದುಕಿದಾರೇನ್ರೀ?"

"ಇದಾರೆ ಸ್ವಾಮಿ. ಬೆಳಿಗ್ಗೆ ಅವರೇ ಕಾಫಿ ಕೊಟ್ಟು ಕಳಿಸಿದ್ರು."

"ಇಲ್ಲ ಕಣೋ," ಎಂದಿತು ಬೆನ್ನ ಹಿಂದೆ ದೊಡ್ಡಮ್ಮನದೇ ದನಿ. ಕುತ್ತಿಗೆಗೆ ತಣ್ಣನೆಯ ಉಸಿರು ತಾಗಿತು. ತಿರುಗಿದರೆ ಬರೀ ಗೋಡೆ. ಆದರೂ ರುಜು ಹಾಕಿದೆ.

ತಾಳಗುಪ್ಪದ ಮನೆಗೆ ಓಡೋಡಿ ಬಂದೆ. ದೊಡ್ಡಮ್ಮ ಒಲೆಯ ಮುಂದೆ ಕೂತಿದ್ದರು. ಹೋದ ಜೀವ ಬಂದಂತಾಯಿತು.

ಅವರು ತಿರುಗದೆಯೇ ಕೇಳಿದರು: "ನಾನು ಇಲ್ಲ ಅಂದ್ನಲ್ಲೋ, ಮತ್ಯಾಕೆ ರುಜು ಹಾಕ್ದೆ?"

ಈಗಲೂ ಕಾಫಿ ಅವರೇ ಮಾಡುತ್ತಾರೆ. ಅದು ಕುದಿಯುವುದನ್ನು ಕಣ್ಣಾರೆ ನೋಡುತ್ತೇನೆ. ಲೋಟ ನನ್ನ ಕೈಗೆ ಬರುವಷ್ಟರಲ್ಲಿ ತಣ್ಣಗಿರುತ್ತದೆ.