ಕರೇಬಂಡೆ ಗೇಟಿನ ಮಹಜರು

1943ನೇ ಇಸವಿ ನವೆಂಬರ್ 18, ಗುರುವಾರ. ಬೆಳಿಗ್ಗೆ ಏಳೂಕಾಲು ಗಂಟೆಗೆ ಹೊಸೂರು ಪೊಲೀಸ್ ಠಾಣೆಯ ಮುಂದೆ ಒಂದು ಬಸ್ಸು ಬಂದು ನಿಂತಿತು. ಎಂಟಕ್ಕೆ ಕೃಷ್ಣಗಿರಿಗೆ ಹೊರಡಬೇಕಾದ ಬಸ್ಸು. ಯುದ್ಧ ಶುರುವಾಗಿ ಪೆಟ್ರೋಲು ಕಣ್ಣಿಗೆ ಬೀಳದಂತಾದ ಮೇಲೆ ಆ ಕಡೆಯ ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು, ಅದರ ಗ್ಯಾಸಿನಲ್ಲಿ ಕೆಮ್ಮುತ್ತ ಓಡುತ್ತಿದ್ದವು. ಒಳಗೆ ಹದಿನೆಂಟು ಜನ, ಸೀಟಿನ ಕೆಳಗೆ ಸರ್ಕಾರದ ಟಪಾಲು ಚೀಲ. ಡ್ರೈವರ್ ಬಚ್ಚಪ್ಪ ಎಂಜಿನ್ ನಿಲ್ಲಿಸದೆ ಕೆಳಗಿಳಿದು, ಕೈಯಲ್ಲೊಂದು ಕಾಗದ ಹಿಡಿದುಕೊಂಡು ಠಾಣೆಯ ಮೆಟ್ಟಿಲು ಹತ್ತಿದ.

ಅದು ಫಿರ್ಯಾದು. ಕನ್ನಡದಲ್ಲಿತ್ತು. ಠಾಣೆಯ ರೈಟರು ಕಾಗದವನ್ನು ಮುಟ್ಟದೆಯೇ, ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಬರೆಸಿಕೊಂಡು ಬಾ ಎಂದರು.

"ನಾನು ಬರ್ದಿರೋದು ನಂಗೆ ಅರ್ಥ ಆಗ್ತದೆ. ನಿಮ್ಗೆ ಅರ್ಥ ಆಗೋ ಹಂಗೆ ನೀವು ಬರ್ಕೊಳಿ," ಎಂದ ಬಚ್ಚಪ್ಪ. "ತಗೊಂಡಿದ್ದಕ್ಕೆ ರಸೀತಿ ಕೊಡೋಗಂಟ ಬಸ್ಸು ಇಲ್ಲೇ ಇರ್ತದೆ. ಟಪಾಲೂ ಇಲ್ಲೇ ಇರ್ತದೆ."

ಟಪಾಲು ತಡವಾದರೆ ತಲೆ ಯಾರದು ಹೋಗುತ್ತದೆಂದು ರೈಟರಿಗೆ ಚೆನ್ನಾಗಿ ಗೊತ್ತಿತ್ತು. ಏಳು ಐವತ್ತಕ್ಕೆ ರಸೀತಿ ಸಿಕ್ಕಿತು.

ಫಿರ್ಯಾದಿನಲ್ಲಿ ಇದ್ದದ್ದು ಇಷ್ಟು. ಹೊಸೂರಿನಿಂದ ಹದಿನಾಲ್ಕು ಮೈಲಿ ದೂರದ ಕರೇಬಂಡೆ ಗೇಟಿನಲ್ಲಿ, ಪರ್ಮಿಟ್ ಇಲ್ಲದೆ ಅಕ್ಕಿ ರಾಗಿ ಸಾಗದಂತೆ ತಡೆಯಲು ಕೂರಿಸಿರುವ ಹೆಡ್ ಕಾನ್‌ಸ್ಟೆಬಲ್ ಚಿನ್ನಪ್ಪ, ಆರು ವಾರಗಳಲ್ಲಿ ಈ ಬಸ್ಸನ್ನು ಮೂವತ್ತೊಂದು ಸಲ ನಿಲ್ಲಿಸಿದ್ದಾನೆ. ಯಾಕೆಂದು ಒಂದು ಸಲವೂ ಹೇಳಿಲ್ಲ. ನವೆಂಬರ್ 15ರಂದು ಒಬ್ಬ ಹೆಂಗಸಿನ ಗಂಟನ್ನು ರಸ್ತೆಯ ಮೇಲೆ ಸುರಿಸಿದ್ದಾನೆ. 17ರಂದು ಬಚ್ಚಪ್ಪ, ಮೊದಲು ಅನುಮಾನವೇನೆಂದು ತಿಳಿಸಿ, ಊರಿನ ಇಬ್ಬರನ್ನು ಸಾಕ್ಷಿಗೆ ಕರೆಸಿ, ಆಮೇಲೆ ಬಸ್ಸು ಹತ್ತಿ ಎಂದು ಸ್ಟಿಯರಿಂಗ್ ಬಿಟ್ಟು ಕದಲದೆ ಕೂತಾಗ, ಚಿನ್ನಪ್ಪ "ನಿನ್ನ ಲೈಸೆನ್ಸು ಹೆಂಗೆ ಉಳೀತದೋ ನೋಡ್ತೀನಿ ಕಣ್ಲಾ" ಎಂದು, ಬಸ್ಸು ಹತ್ತದೆಯೇ ಬಿಟ್ಟಿದ್ದಾನೆ.

ಅದೇ ದಿನ ಹನ್ನೊಂದು ಗಂಟೆಗೆ ಗೇಟಿನಿಂದ ಇನ್ನೊಂದು ಕಾಗದ ಬಂತು. ಚಿನ್ನಪ್ಪನ ವರದಿ, ಜೊತೆಗೊಂದು ಅಕ್ಕಿಚೀಲ, ಇಬ್ಬರು ಪಂಚರ ಹೆಬ್ಬೆಟ್ಟಿರುವ ಶೋಧನೆಯ ಮಹಜರು. 17ರಂದು ಬೆಳಿಗ್ಗೆ ಒಂಬತ್ತರಿಂದ ಒಂಬತ್ತೂವರೆಯವರೆಗೆ ಬಚ್ಚಪ್ಪನ ಬಸ್ಸನ್ನು ಶೋಧಿಸಲಾಗಿ, ಗ್ಯಾಸು ಸೋಸುವ ಡ್ರಮ್ಮಿನೊಳಗೆ ಆರು ಸೇರು ಅಕ್ಕಿ ಸಿಕ್ಕಿತು. ಟಪಾಲಿಗೆ ಅಡ್ಡಿಯಾಗಬಾರದೆಂದು ಬಸ್ಸನ್ನು ಮುಂದೆ ಬಿಡಲಾಯಿತು ಎಂದು ಅದರಲ್ಲಿತ್ತು.

ಇನ್‌ಸ್ಪೆಕ್ಟರ್ ನರಸಿಂಹಪ್ಪನವರು ಎರಡು ಕಾಗದಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಅವರು ಕೆಟ್ಟ ಮನುಷ್ಯರಲ್ಲ. ಆದರೆ ಕಡತ ಎಷ್ಟು ಬೇಗ ಮುಚ್ಚಿದರೆ ಅಷ್ಟು ನೆಮ್ಮದಿ ಎನ್ನುವವರು. ಸೆಪ್ಟೆಂಬರಿನಲ್ಲಿ ಒಂದೂ ಕೇಸು ಕೊಡದ ಚಿನ್ನಪ್ಪ ಅಕ್ಟೋಬರಿನಿಂದ ಈಚೆಗೆ ಹತ್ತೊಂಬತ್ತು ಕೇಸು ಹಿಡಿದಿದ್ದ. ಮೇಲಿನವರು ಮೆಚ್ಚಿ ಬರೆದಿದ್ದರು. ಇಂಥವನ ಮಾತನ್ನು ಬಿಟ್ಟು ಡ್ರೈವರ್ ಮಾತು ಕೇಳುವುದುಂಟೆ? ಬಚ್ಚಪ್ಪನ ಮೇಲೆ ಎಫ್‌ಐಆರ್ ದಾಖಲಾಯಿತು. ಸಂಜೆ ಐದೂವರೆಗೆ ಬಸ್ಸು ವಾಪಸು ಬಂದಾಗ ಅವನ ಲೈಸೆನ್ಸನ್ನು ಠಾಣೆಗೆ ತೆಗೆದುಕೊಂಡರು. ಸೋಮವಾರದೊಳಗೆ ಲೈಸೆನ್ಸು ಬಾರದಿದ್ದರೆ ಬೇರೆ ಡ್ರೈವರನ್ನು ಹಾಕುತ್ತೇನೆಂದು ಬಸ್ಸಿನ ಮಾಲೀಕ ಆಗಲೇ ಹೇಳಿ ಕಳಿಸಿದ್ದ. ಕೇಸು ಗಟ್ಟಿಯಾದರೆ ಜೈಲು ಬೇರೆ.

ನರಸಿಂಹಪ್ಪನವರು ಬಚ್ಚಪ್ಪನನ್ನು ಕೂರಿಸಿ ಮೆತ್ತಗೆ ಮಾತಾಡಿದರು.

"ತಪ್ಪಾಯ್ತು ಅಂತ ಎರಡು ಸಾಲು ಬರೆದುಕೊಡಯ್ಯ. ನಿನ್ನ ಫಿರ್ಯಾದು ವಾಪಸ್ ತಗೋ. ಇದನ್ನ ನಾನು ಇಲ್ಲಿಗೇ ಮುಗಿಸ್ತೀನಿ."

"ಏನು ತಪ್ಪು ಅಂತ ಬರೀಲಿ, ಸ್ವಾಮಿ?"

"ಪೊಲೀಸಿಗೆ ಎದುರು ಮಾತಾಡಿದ್ದು."

"ಎದುರು ಮಾತಾಡ್ಲಿಲ್ಲ. ಕೇಳ್ದೆ. ಊರಿನ ಇಬ್ರನ್ನ ಕರೀಬೇಕು, ಸಿಕ್ಕಿದ್ನ ಪಟ್ಟಿ ಮಾಡ್ಬೇಕು, ಕೇಳಿದ್ರೆ ನಕಲು ಕೊಡ್ಬೇಕು. ನಿಮ್ಮ ಕಾನೂನು ಬುಕ್ನಾಗೇ ಐತೆ."

ಇದನ್ನೆಲ್ಲ ಯಾರು ಹೇಳಿಕೊಟ್ಟರು ಎಂದು ಕೇಳಿದ್ದಕ್ಕೆ, ಎರಡು ವರ್ಷದ ಹಿಂದೆ ಯಾರದೋ ಕಳವಿನ ಕೇಸಿನಲ್ಲಿ ಸಾಕ್ಷಿ ಹೇಳಲು ಮೂರು ವಾಯಿದೆ ಕೋರ್ಟಿನ ಬೆಂಚಿನ ಮೇಲೆ ಕೂತಿದ್ದೆ, ವಕೀಲರು ಮೂರು ದಿನವೂ ಇದನ್ನೇ ಕೇಳುತ್ತಿದ್ದರು, ಬಾಯಿಪಾಠವಾಗಿ ಹೋಯಿತು ಎಂದ.

"ಲೈಸೆನ್ಸು ಹೋದರೆ ಊಟಕ್ಕೇನು ಮಾಡ್ತೀಯ?"

"ಉಪಾಸ ಬೀಳ್ತೀನಿ. ತಪ್ಪಾಯ್ತು ಅಂತ ಮಾತ್ರ ಬರ್ಕೊಡಾಕಿಲ್ಲ."

ಇನ್‌ಸ್ಪೆಕ್ಟರಿಗೆ ಸಿಟ್ಟು ಬಂತು. ಹೊರಗೆ ಹೋಗು ಎಂದರು. ಅವನು ಹೋದ. ಆದರೆ ಉಪವಾಸ ಬೀಳುತ್ತೇನೆಂದು ಅಷ್ಟು ಸಲೀಸಾಗಿ ಹೇಳಿದ ಮನುಷ್ಯ ಆರು ಸೇರು ಅಕ್ಕಿಗಾಗಿ ಡ್ರಮ್ಮು ಬಿಚ್ಚುವವನೇ ಎಂಬ ಯೋಚನೆ ಅವರನ್ನು ಬಿಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಅಕ್ಕಿಚೀಲವನ್ನು ಮೇಜಿನ ಮೇಲೆ ಇಟ್ಟುಕೊಂಡರು. ಬಿಳಿ ಬಟ್ಟೆಯ ಚೀಲ, ಮದುವೆ ಮನೆಗೆ ಒಯ್ಯಬಹುದಾದಷ್ಟು ಚೊಕ್ಕಟ. ಕಾನ್‌ಸ್ಟೆಬಲ್ ಪಾಪಯ್ಯನನ್ನು ಕರೆದು, ಗ್ಯಾಸು ಸೋಸುವ ಡ್ರಮ್ಮು ಎಂದರೇನು, ನೋಡಿದ್ದೀಯಾ ಎಂದು ಕೇಳಿದರು. ಪಾಪಯ್ಯ ಕೆಟ್ಟು ನಿಂತ ಬಸ್ಸುಗಳನ್ನು ತಳ್ಳಿ ತಳ್ಳಿ ಅನುಭವಸ್ಥನಾಗಿದ್ದ. ಒಲೆಯಿಂದ ಬರುವ ಗ್ಯಾಸಿನ ಮಸಿಯೆಲ್ಲ ಆ ಡ್ರಮ್ಮಿನಲ್ಲೇ ನಿಲ್ಲುವುದು, ಅದರೊಳಗೆ ಕೈಹಾಕಿದರೆ ಮೊಣಕೈವರೆಗೂ ಕಪ್ಪಾಗುತ್ತದೆ ಎಂದು ವಿವರಿಸಿ, ಒಂದು ಮಾತು ಸೇರಿಸಿದ.

"ಅದ್ರ ಮುಚ್ಚಳ ತೆಗುದ್ರೆ ಗಾಳಿ ನುಗ್ಗಿ ಎಂಜಿನ್ನು ಸತ್ತೋಯ್ತದೆ, ಸಾರ್. ಮತ್ತೆ ಗ್ಯಾಸು ಕಟ್ಟೋಕೆ ಅರ್ಧ ಗಂಟೆ ಮೇಲೇ ಬೇಕು."

ನರಸಿಂಹಪ್ಪನವರು ಅದೇ ಬಸ್ಸು ಹತ್ತಿ ಕೃಷ್ಣಗಿರಿಗೆ ಹೋದರು. ಅಂದು ಬಸ್ಸು ಓಡಿಸಿದವನು ಮಾಲೀಕನ ಭಾವಮೈದುನ. ಅವನ ಪಕ್ಕದಲ್ಲಿ ಕೂತು ಗಡಿಯಾರ ನೋಡುತ್ತ ಹೋದರು. ಕರೇಬಂಡೆ ಗೇಟಿನಿಂದ ಕೃಷ್ಣಗಿರಿಗೆ ಹದಿನೆಂಟು ಮೈಲಿ. ಎಲ್ಲೂ ನಿಲ್ಲದೆ ಓಡಿದರೂ ಒಂದೂಕಾಲು ಗಂಟೆ ಹಿಡಿಯಿತು. ಅಂಚೆ ಕಚೇರಿಯ ರಿಜಿಸ್ಟರಿನಲ್ಲಿ 17ನೇ ತಾರೀಕಿನ ಸಾಲು ಹುಡುಕಿದರು. ಹೊಸೂರು ಟಪಾಲು ತಲುಪಿದ ಸಮಯ ಬೆಳಿಗ್ಗೆ 10.20. ಅಂದರೆ ಬಸ್ಸು ಗೇಟು ಬಿಟ್ಟದ್ದು ಒಂಬತ್ತು ಐದಕ್ಕೆ. ಮಹಜರಿನ ಪ್ರಕಾರ ಒಂಬತ್ತೂವರೆಯವರೆಗೂ ಶೋಧನೆ ನಡೆದಿತ್ತು. ಇನ್‌ಸ್ಪೆಕ್ಟರು ಆ ಪುಟದ ನಕಲಿಗೆ ಪೋಸ್ಟ್‌ಮಾಸ್ಟರ ಸಹಿ ಮಾಡಿಸಿಕೊಂಡರು.

ಶನಿವಾರ ಮೂಕಂಡಪಲ್ಲಿಗೆ ಹೋಗಿ ದೊಡ್ಡಮುನಿಯಮ್ಮನ ಹೇಳಿಕೆ ಪಡೆದರು. 15ರಂದು ಗಂಟು ಕಳೆದುಕೊಂಡವಳು ಅವಳೇ. ಕೃಷ್ಣಗಿರಿಯಲ್ಲಿ ಹೆತ್ತು ಮಲಗಿದ್ದ ಮಗಳಿಗೆ ಶುಂಠಿ, ಬೆಳ್ಳುಳ್ಳಿ, ಬೆಲ್ಲ ಕುಟ್ಟಿ ಒಯ್ಯುತ್ತಿದ್ದಳು.

"ಬಾಣಂತಿ ತಿನ್ನೋದ್ನ ರಸ್ತೆಗೆ ಸುರ್ದು ಲಾಠೀಲಿ ಕೆದಕ್ದ, ಸ್ವಾಮಿ. ನಾನು ಬರಿಗೈಲಿ ಮಗಳ ಮನೆಗೆ ಹೋದೆ."

ಎಲ್ಲರೂ ಸುಮ್ಮನಿದ್ದರಂತೆ. ಬಚ್ಚಪ್ಪ ಕೆಳಗಿಳಿದು ಮಣ್ಣಾಗದೆ ಉಳಿದ ಎರಡು ಬೆಲ್ಲದ ತುಂಡು ಆರಿಸಿ ಅವಳ ಕೈಗಿಟ್ಟು, ಇನ್ನು ಮೇಲೆ ಈ ಬಸ್ಸನ್ನು ಯಾರೂ ಹಾಗೆ ಮುಟ್ಟುವುದಿಲ್ಲ ಎಂದನಂತೆ. ಪಾಪಯ್ಯ ಹೇಳಿಕೆ ಬರೆದು ಶಾಯಿ ಮುಂದಿಟ್ಟಾಗ ಅವಳು ಹೆಬ್ಬೆರಳನ್ನು ಮಡಚಿಕೊಂಡು, ಮೊದಲು ಓದಿ ಹೇಳಿ ಎಂದಳು. ಎರಡು ಸಲ ಓದಿಸಿಕೊಂಡ ಮೇಲೆಯೇ ಒತ್ತಿದಳು.

ನವೆಂಬರ್ 21, ಭಾನುವಾರ. ನರಸಿಂಹಪ್ಪನವರು ಬಚ್ಚಪ್ಪನಿಗೆ ಹೇಳಿ ಕಳಿಸಿ, ಪ್ರಯಾಣಿಕರಿಲ್ಲದ ಬಸ್ಸನ್ನು ಕರೇಬಂಡೆಗೆ ಓಡಿಸು ಎಂದರು.

"ಲೈಸೆನ್ಸಿಲ್ದೆ ಓಡ್ಸಿದ್ರೆ ಅದಕ್ಕೊಂದು ಕೇಸು ಹಾಕ್ತೀರ."

"ಲೈಸೆನ್ಸು ನನ್ನ ಜೇಬಿನಲ್ಲಿದೆ. ನಾನು ಪಕ್ಕದಲ್ಲೇ ಕೂತಿರ್ತೀನಿ. ನಡಿ."

"ಹಂಗಂತ ಬರ್ದು ಕೊಡಿ."

ಇನ್‌ಸ್ಪೆಕ್ಟರು ಹಲ್ಲು ಕಚ್ಚಿಕೊಂಡು ಬರೆದುಕೊಟ್ಟರು. ಪಾಪಯ್ಯ ನಗು ಬಂದು ಕಿಟಕಿಯ ಕಡೆ ತಿರುಗಿಕೊಂಡ.

ಹತ್ತಕ್ಕೆ ಗೇಟು ತಲುಪಿದರು. ಚಿನ್ನಪ್ಪ ಸಲ್ಯೂಟ್ ಹೊಡೆದು ನಿಂತ. ನಲವತ್ತರ ಮೇಲಿನ ಒಣಕಲು ಆಳು. ಚೀಲ ಯಾಕಿಷ್ಟು ಬೆಳ್ಳಗಿದೆ ಎಂದು ಕೇಳಿದ್ದಕ್ಕೆ, ಹಳೇ ಚೀಲ ಮಸಿಯಾಗಿತ್ತು, ಅಕ್ಕಿಯನ್ನು ಬೇರೆಯದಕ್ಕೆ ತುಂಬಿದೆ ಎಂದ. ಉತ್ತರ ಸಿದ್ಧವಾಗಿತ್ತು.

"ಡ್ರಮ್ಮು ತೆಗೆದವರು ಯಾರು?"

"ನಾನೇ, ಸ್ವಾಮಿ."

"ಹೇಗೆ ತೆಗೆದೆ, ತೋರಿಸು."

ಬಸ್ಸಿನ ಹಿಂದೆ ಒಂದು ದೊಡ್ಡ ಡ್ರಮ್ಮು, ಪಕ್ಕಕ್ಕೆ ಒಂದು ಚಿಕ್ಕದು. ಚಿನ್ನಪ್ಪ ಒಂದು ಗಳಿಗೆ ಎರಡನ್ನೂ ನೋಡಿ, ಹೋಗಿ ದೊಡ್ಡದರ ಮೇಲೆ ಕೈಯಿಟ್ಟ. ಇಟ್ಟವನೇ ಹಿಂದಕ್ಕೆಳೆದುಕೊಂಡು ಅಂಗೈಯನ್ನು ಚಡ್ಡಿಗೆ ಒತ್ತಿಕೊಂಡ.

"ಅದು ಒಲೆ, ಏಟ್ಟಯ್ಯ," ಎಂದ ಬಚ್ಚಪ್ಪ. ಹೆಡ್ ಕಾನ್‌ಸ್ಟೆಬಲನ್ನು ಆ ಸೀಮೆಯವರು ಕರೆಯುವುದೇ ಹಾಗೆ. ದನಿಯಲ್ಲಿ ಕುಹಕವೇನೂ ಇರಲಿಲ್ಲ.

ಇನ್‌ಸ್ಪೆಕ್ಟರು ಚಿಕ್ಕ ಡ್ರಮ್ಮನ್ನು ತೆಗೆಸಿದರು. ನಾಲ್ಕು ನಟ್ಟು ಬಿಚ್ಚಿ ಮುಚ್ಚಳ ಎತ್ತುತ್ತಿದ್ದಂತೆ ಎಂಜಿನ್ನು ಎರಡು ಸಲ ಬಿಕ್ಕಳಿಸಿ ನಿಂತಿತು. ಮುಚ್ಚಳ ಮುಚ್ಚಿಸಿ, ಗಡಿಯಾರ ಹಿಡಿದು ಕೂತರು. ಬಸ್ಸಿನ ಜೊತೆ ಬಂದಿದ್ದ ಕಂಡಕ್ಟರು ಒಲೆಗೆ ಊದುವ ಗಾಳಿಯಂತ್ರವನ್ನು ತಿರುಗಿಸಿ ತಿರುಗಿಸಿ ಬೆವರಿದ. ಎಂಜಿನ್ನು ಮತ್ತೆ ಹಿಡಿದುಕೊಂಡಾಗ ಸರಿಯಾಗಿ ನಲವತ್ತು ನಿಮಿಷವಾಗಿತ್ತು.

"ಒಂಬತ್ತೂವರೆಗೆ ಶೋಧನೆ ಮುಗೀತು. ಎಂಜಿನ್ನು ಹತ್ತಿಸೋದಕ್ಕೆ ನಲವತ್ತು ನಿಮಿಷ. ಹತ್ತು ಇಪ್ಪತ್ತಕ್ಕೆ ಬಸ್ಸು ಕೃಷ್ಣಗಿರೀಲಿದೆ," ಎಂದರು ನರಸಿಂಹಪ್ಪನವರು. "ಹತ್ತು ನಿಮಿಷದಲ್ಲಿ ಹದಿನೆಂಟು ಮೈಲಿ. ಯುದ್ಧದ ವಿಮಾನ ಏನಯ್ಯಾ ಇದು?"



ಪಂಚರಿಗೆ ಹೇಳಿ ಕಳಿಸಿದರು. ಒಬ್ಬನಾದ ದೊಡ್ಡಣ್ಣ ಹದಿನೈದು ದಿನದಿಂದ ಅಂಚೆಟ್ಟಿ ಕಡೆ ಮಗಳ ಮನೆಯಲ್ಲಿ ರಾಗಿ ಕೊಯ್ಲಿಗೆ ಹೋಗಿ ಕೂತಿದ್ದ. 17ರ ಮಹಜರಿನಲ್ಲಿ ಅವನ ಹೆಬ್ಬೆಟ್ಟು ಮಾತ್ರ ಹಾಜರಿತ್ತು. ಇನ್ನೊಬ್ಬ, ಗೇಟಿನ ಪಕ್ಕ ಕಾಫಿ ಅಂಗಡಿಯ ನಂಜಪ್ಪ. ಮೊದಲು ಎಲ್ಲಕ್ಕೂ ಹೂಂ ಎಂದ. ಅಂದು ಡ್ರಮ್ಮಿನಿಂದ ಮೊದಲು ಏನು ತೆಗೆದರು ಎಂದು ಕೇಳಿದಾಗ ಸುಸ್ತಾದ.

"ನಾನೇನೂ ನೋಡ್ಲಿಲ್ಲ, ಸ್ವಾಮಿ. ಏಟ್ಟಯ್ಯ ಹಾಳೆ ತಂದ್ರು, ಒತ್ತು ಅಂದ್ರು. ಇಬ್ರೂ ಒತ್ತುದ್ವಿ. ಬರವಣಿಗೆ ಇರ್ಲಿಲ್ಲ ಅದ್ರಾಗೆ."

"ಎಷ್ಟು ಹಾಳೆ?"

"ಒಂದು ಮೂವತ್ತಿರ್ಬೈದು."

ಇಷ್ಟಾದ ಮೇಲೆ ಗೇಟಿನ ಗುಡಿಸಲನ್ನು ಶೋಧಿಸದೆ ವಿಧಿಯಿರಲಿಲ್ಲ. ಪಾಪಯ್ಯ ಪಕ್ಕದ ಹಳ್ಳಿಗೆ ಓಡಿ ಇಬ್ಬರು ಹಿರಿಯರನ್ನು ಕರೆತಂದ. ಶೋಧನೆಗೆ ಕಾರಣವನ್ನು ಇನ್‌ಸ್ಪೆಕ್ಟರು ಮೊದಲು ಬರೆದು, ಚಿನ್ನಪ್ಪನಿಗೆ ಓದಿ ಹೇಳಿ, ಆಮೇಲೆ ಒಳಗೆ ಕಾಲಿಟ್ಟರು. ಆ ಗೇಟಿನಲ್ಲಿ ಹಾಗೆ ನಡೆದದ್ದು ಅದೇ ಮೊದಲು.

ತಗಡಿನ ಪೆಟ್ಟಿಗೆಯಲ್ಲಿ ಹನ್ನೊಂದು ಖಾಲಿ ಹಾಳೆಗಳು ಸಿಕ್ಕವು. ಪ್ರತಿಯೊಂದರ ಬುಡದಲ್ಲೂ ಎರಡೆರಡು ಹೆಬ್ಬೆಟ್ಟು. ಮಂಚದ ಕೆಳಗೆ ಹಿಂದಿನ ಯಾವುದೋ ಕೇಸಿನ ಅಕ್ಕಿ ಮೂಟೆ, ಆರು ಸೇರಿನಷ್ಟು ಖಾಲಿ. ಹಾಳೆಗಳ ಅಡಿಯಲ್ಲಿ ನಾಲ್ಕಾಗಿ ಮಡಿಸಿ ಮಡಿಸಿ ಹರಿಯುವಂತಾಗಿದ್ದ ಒಂದು ಕಚೇರಿ ಕಾಗದ ಇತ್ತು. ನರಸಿಂಹಪ್ಪನವರು ಅದನ್ನು ಬಿಡಿಸಿದರು. ಅಕ್ಟೋಬರ್ 2ರ ಮೆಮೊ. ಕರೇಬಂಡೆ ಗೇಟಿನಿಂದ ಸೆಪ್ಟೆಂಬರ್ ತಿಂಗಳಲ್ಲಿ ಒಂದೂ ಕೇಸು ಬಂದಿಲ್ಲವೆಂದೂ, ಹೀಗೇ ಮುಂದುವರಿದರೆ ಹೆಡ್ ಕಾನ್‌ಸ್ಟೆಬಲ್ ಚಿನ್ನಪ್ಪನನ್ನು ಕಾನ್‌ಸ್ಟೆಬಲ್ ದರ್ಜೆಗೆ ಇಳಿಸಲು ಬರೆಯಲಾಗುವುದೆಂದೂ ಅದರಲ್ಲಿತ್ತು. ಕೆಳಗಿನ ಸಹಿ ಅವರದೇ. ತಿಂಗಳಿಗೆ ಅಂಥ ಹತ್ತು ಕಾಗದಕ್ಕೆ ಅವರು ಸಹಿ ಹಾಕುತ್ತಿದ್ದರು. ಇದನ್ನು ಬರೆಸಿದ್ದು ನೆನಪೂ ಇರಲಿಲ್ಲ.

ಅವರು ಅದನ್ನು ಮತ್ತೆ ಮಡಿಸಿ, ಇದು ಬರೀ ಕಚೇರಿ ಕಾಗದ ಎಂದು ಪಕ್ಕಕ್ಕಿಟ್ಟರು.

ಚಿನ್ನಪ್ಪ ಆಗ ಬಾಯಿ ಬಿಟ್ಟ.

"ಸೆಪ್ಟೆಂಬರ್‌ನಾಗೆ ಈ ದಾರೀಲಿ ಯಾರೂ ಅಕ್ಕಿ ಸಾಗಿಸ್ಲಿಲ್ಲ, ಸ್ವಾಮಿ. ಅದುಕ್ಕೇ ಕೇಸು ಹಿಡೀಲಿಲ್ಲ. ಇಪ್ಪತ್ತೆರಡು ವರ್ಷ ಸರ್ವೀಸ್ ಮಾಡಿ ಈ ಪಟ್ಟಿ ತೋಳಿಗೆ ಬಂತು. ಅದ್ನ ಕಿತ್ಕೋತೀನಿ ಅಂದ್ರಿ. ಯಾರೂ ಕದೀಲಿಲ್ಲ ಅಂತ ನಾನು ಯಾರಿಗೆ ಬರೀಲಿ?" ಮಡಿಸಿಟ್ಟ ಮೆಮೊ ಕಡೆ ಕೈ ತೋರಿಸಿ ಹೇಳಿದ, "ಆ ಕಾಗ್ದಾನೂ ಸಿಕ್ಕಿದ್ರ ಪಟ್ಟೀಗೆ ಹಾಕಿ. ನಂಗೆ ನಕಲು ಬೇಕು."

ಇನ್‌ಸ್ಪೆಕ್ಟರ ಮುಖ ಕೆಂಪಾಯಿತು. ಆರೋಪಿ ಪಟ್ಟಿ ಬರೆಸುವುದು ಎಲ್ಲಾದರೂ ಉಂಟೇ ಎಂದು ಗದರಿದರು.

ಬಾಗಿಲ ಹೊರಗೆ ನಿಂತಿದ್ದ ಬಚ್ಚಪ್ಪ ಒಳಗೆ ಬರಲಿಲ್ಲ. ನಿಂತಲ್ಲಿಂದಲೇ ಹೇಳಿದ.

"ಅವ್ರು ಕೇಳೋದು ಸರಿಯಾಗೈತೆ, ಸ್ವಾಮಿ. ಸಿಕ್ಕಿದ್ದೆಲ್ಲಾ ಬರೀಬೇಕು."

ತನ್ನ ಅನ್ನಕ್ಕೆ ಕೈಹಾಕಿದವನ ಪರ ಮಾತಾಡುತ್ತಿದ್ದಾನಲ್ಲ ಇವನು ಎಂದು ಪಾಪಯ್ಯನಿಗೆ ಬೆರಗಾಯಿತು. ಚಿನ್ನಪ್ಪ ಮೊದಲ ಸಲ ಬಚ್ಚಪ್ಪನನ್ನು ನೇರವಾಗಿ ನೋಡಿದ. ಆಮೇಲೆ ಸುಟ್ಟ ಅಂಗೈಯನ್ನು ನೋಡಿಕೊಳ್ಳುತ್ತ ಕೂತ.

ನರಸಿಂಹಪ್ಪನವರು ಬಹಳ ಹೊತ್ತು ಪೆನ್ನು ಹಿಡಿದುಕೊಂಡೇ ಇದ್ದರು. ಹಿರಿಯರಿಬ್ಬರೂ ಕಾಯುತ್ತಿದ್ದರು. ಆ ಕಾಗದ ಪಟ್ಟಿಗೆ ಸೇರಿದರೆ ಸೇಲಂನಲ್ಲಿ ಮೇಲಧಿಕಾರಿಗಳು ಓದುತ್ತಾರೆ. ಹತ್ತೊಂಬತ್ತು ಕೇಸುಗಳೂ ಮತ್ತೆ ತೆರೆದುಕೊಳ್ಳುತ್ತವೆ. ಮುಂದಿನ ಪ್ರಶ್ನೆ ಬರುವುದು ತಮಗೇ. ಸೇರಿಸದಿದ್ದರೆ ಈ ಪಟ್ಟಿಯೂ ಚಿನ್ನಪ್ಪನ ಮಹಜರುಗಳ ಜಾತಿಗೇ ಸೇರುತ್ತದೆ.

ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ ಸುಳ್ಳು ದಾಖಲೆ ಸೃಷ್ಟಿಸಿದ ಆರೋಪದ ಮೇಲೆ ಚಿನ್ನಪ್ಪನನ್ನು ದಸ್ತಗಿರಿ ಮಾಡಲಾಯಿತು. ಬಚ್ಚಪ್ಪನ ಲೈಸೆನ್ಸನ್ನು ಅಲ್ಲೇ ಅವನ ಕೈಗೆ ಕೊಟ್ಟು, ರಸೀತಿ ಪಡೆದರು. ಆಮೇಲೆ ಇನ್‌ಸ್ಪೆಕ್ಟರು ಶೋಧನೆಯ ಪಟ್ಟಿಯನ್ನು ಹಿರಿಯರಿಗೂ ಆರೋಪಿಗೂ ಕೇಳಿಸುವಂತೆ ಗಟ್ಟಿಯಾಗಿ ಓದಿದರು. ಒಂದು, ಹೆಬ್ಬೆಟ್ಟಿರುವ ಖಾಲಿ ಹಾಳೆ ಹನ್ನೊಂದು. ಎರಡು, ಬಾಯಿ ಬಿಚ್ಚಿದ ಅಕ್ಕಿ ಮೂಟೆ ಒಂದು. ಮೂರು, ಅಕ್ಟೋಬರ್ 2ರ ಮೆಮೊ ಒಂದು. ಅದಕ್ಕೆ ಸಹಿ ಮಾಡಿದವರು, ಇನ್‌ಸ್ಪೆಕ್ಟರ್ ನರಸಿಂಹಪ್ಪ.