ಹೆಗಲಿಗೆ ಹತ್ತಿದ ಅರಿಶಿಣ

ಕೂಕಟ್‌ಪಲ್ಲಿ ಸಿಗ್ನಲ್ಲಿನಲ್ಲಿ ಬೈಕ್ ನಿಂತಾಗ ಶಿವಗಂಗಾ ನನ್ನ ಹೆಗಲ ಮೇಲೆ ಕೈ ಇಟ್ಟಳು. ನಾನು ಮೈಮೇಲೆ ಚೇಳು ಬಿದ್ದವನಂತೆ ಮುಂದಕ್ಕೆ ಬಾಗಿ ಪೆಟ್ರೋಲ್ ಟ್ಯಾಂಕನ್ನು ಅಪ್ಪಿಕೊಂಡೆ.

"ಯಾಕ್ರಿ, ಏನಾತು?"

"ಏನಿಲ್ಲ. ಹಿಂದಿನ ಕಂಬಿ ಹಿಡ್ಕೊ."

ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಆ ಕಣ್ಣು ನೋಡಿಯೇ ನಾನು ಸೋತಿದ್ದು. ಈಗ ಅದೇ ಕಣ್ಣು ಒಲೆಯ ಮೇಲಿನ ಹಂಚಿನಂತೆ ಕಾದಿತ್ತು.

"ಹೋದ ತಿಂಗಳು ಕೈ ಇಡಲಿಲ್ಲಂತ ಮಾರಿ ಊದಿಸಿದ್ರಿ. ಈಗ ಕಂಬಿ ಹಿಡಿ ಅಂತೀರಿ. ಬ್ಯಾರೆ ಯಾರರೆ ಸಿಕ್ಕಾಳೇನು?"

ಸಿಗ್ನಲ್ ಹಸಿರಾಯಿತು. ನಾನು ಬದುಕಿಕೊಂಡೆ.

ನಾನು ಮೌನಪ್ಪ. ಹೆಸರಿಟ್ಟವರು ನನ್ನ ಬಾಯಿ ಕೇಳಿರಲಿಲ್ಲ. ಸುರಪುರದ ಕಡೆಯವನು, ಹೈದರಾಬಾದಿನಲ್ಲಿ ಟೈಲ್ಸ್ ಕೂಡಿಸುವ ಕೆಲಸ. ಶಿವಗಂಗಾ ನಮ್ಮ ಓಣಿಯಲ್ಲೇ ಜೋಳದ ರೊಟ್ಟಿ ಬಡಿದು ಹಾಸ್ಟೆಲ್ಲುಗಳಿಗೆ ಕೊಡುತ್ತಿದ್ದಳು. ಅವಳ ರೊಟ್ಟಿ ಕೋಣೆಗೆ ನೆಲ ಹಾಕಿದವನು ನಾನು. ಕೂಡಿಸಿದ ಒಂದೊಂದು ಟೈಲ್ಸನ್ನೂ ಅವಳು ಬೆರಳ ಗೆಣ್ಣಿನಿಂದ ತಟ್ಟಿ, ತಲೆ ವಾರೆ ಮಾಡಿ ಕೇಳಿ, ಎಲ್ಲಿ ಪೊಳ್ಳಿದೆ ಎಂದು ಹುಡುಕಿದಳು. ಸಿಗಲಿಲ್ಲ.

"ತಡೀರಿ, ಎಲ್ಲರೆ ಒಂದು ಸಿಗತೈತಿ," ಎಂದು ನಕ್ಕು ನನ್ನತ್ತ ನೋಡಿದಳು. ಆ ನೋಟಕ್ಕೆ ನಾನು ಒಂದು ದಿನದ ಕೆಲಸವನ್ನು ವಾರ ಎಳೆದೆ. ಮದುವೆ ನಿಶ್ಚಯವೂ ಆಯಿತು.

ಪೊಳ್ಳು ಇದ್ದದ್ದು ನನ್ನೊಳಗೆ. ಆಗ ನನಗೆ ಮೂವತ್ತೆರಡು. ಮಧ್ಯಾಹ್ನ ಉಂಡರೆ ಸಿಮೆಂಟ್ ಚೀಲದ ಮೇಲೆಯೇ ಬೀಳುತ್ತಿದ್ದೆ. ಗಡ್ಡ, ಮೀಸೆ ಬರಗೆಟ್ಟ ಹೊಲದ ಹಾಗೆ ಅಲ್ಲೊಂದು ಇಲ್ಲೊಂದು. ಮದುವೆ ಹತ್ತಿರ ಬಂದಂತೆ ಗಂಡಿಗೆ ಬರಬೇಕಾದ ಆತುರ ನನಗೆ ಬರಲೇ ಇಲ್ಲ. ಬಂದದ್ದು ಭಯ. ಗೋಡೆಯ ಮೇಲಿನ ಜಾಹೀರಾತು ನೋಡಿ ಒಂದು ಲೇಹ್ಯ ತಂದು ತಿಂದೆ. ಅದರಿಂದ ಆತುರ ಬಂತು ನಿಜ, ಆದರೆ ಪಾಯಖಾನೆಯದು.

ಕೊನೆಗೆ ಗುರುತಿನವರ ಕಣ್ಣಿಗೆ ಬೀಳಬಾರದೆಂದು ಮೆಟ್ರೋ ಹತ್ತಿ ದೂರದ ತಾರ್ನಾಕದ ಒಂದು ದವಾಖಾನೆಗೆ ಹೋದೆ. ಒಳಗೆ ಕೂತಿದ್ದವರು ಹೆಂಗಸು ಡಾಕ್ಟರ್. ಬಂದದ್ದಾಯಿತಲ್ಲ ಎಂದು ನನ್ನ ಮುರುಕು ಹಿಂದಿಯಲ್ಲಿ, "ಮೇಡಂ, ತಾಕತ್ ನಹೀ," ಎಂದೆ.

ಡಾಕ್ಟರ್ ಶರ್ವರಿ ಚೀಟಿಯಲ್ಲಿದ್ದ ನನ್ನ ಊರಿನ ಹೆಸರು ಓದಿ ಕನ್ನಡಕದ ಮೇಲಿಂದ ನೋಡಿದರು. "ಕನ್ನಡದಾಗ ಹೇಳ್ರಿ. ನಮ್ಮ ಅಜ್ಜನೂ ಗುಲಬರ್ಗಾದವರ."

ಭೂಮಿ ಬಾಯಿ ಬಿಟ್ಟಿದ್ದರೆ ಒಳಗೆ ಇಳಿದು ಮೇಲೆ ಟೈಲ್ಸ್ ಕೂಡಿಸಿಕೊಳ್ಳುತ್ತಿದ್ದೆ. ಇಂಥ ಮಾತನ್ನು ಹಿಂದಿಯಲ್ಲಾದರೆ ಯಾರಿಗಾದರೂ ಹೇಳಬಹುದು. ಅವ್ವನ ಮಾತಿನಲ್ಲಿ ಒಬ್ಬ ಹೆಂಗಸಿಗೆ ಹೇಳಲು ನಾಲಿಗೆ ಏಳುವುದಿಲ್ಲ.

ಬೆಳಗಿನ ಹೊತ್ತು ಎರಡು ಸಲ ರಕ್ತ ತೆಗೆಸಿದರು. ರಿಪೋರ್ಟ್ ನೋಡಿ, "ಟೆಸ್ಟೊಸ್ಟೆರಾನ್ ಭಾಳ ಕಡಿಮಿ ಅದ. ತಲಿಯೊಳಗಿನ ಗ್ರಂಥಿ ಕೆಳಗ ಆರ್ಡರ್ ಕಳಸವಲ್ದು," ಎಂದರು.

"ಐದು ಮಹಡಿ ಟೈಲ್ಸ್ ಹೊರತೀನ್ರಿ ನಾ. ಕಡಿಮಿ ಅಂದ್ರೇನು?"

"ಸಿಟ್ಟು ಕಡಿಮಿ ಇಲ್ಲ, ಅದು ಕಾಣಸ್ತದ. ಮದುವಿ ಆಗೇದೇನು?"

"ಇಲ್ಲ."

"ಸದ್ಯ ಮಕ್ಕಳ ವಿಚಾರ ಏನರೆ?"

"ಇಲ್ರಿ, ಇಲ್ಲ." ಮುಂದಿನ ಪ್ರಶ್ನೆ ಇನ್ನೂ ಕೆಳಗೆ ಇಳಿದೀತು ಎಂದು ನನ್ನ ಕಣ್ಣು ಬಾಗಿಲ ಮೇಲಿತ್ತು.

ದಿನಾ ಬೆಳಿಗ್ಗೆ ಹೆಗಲಿಗೆ ಹಚ್ಚಿಕೊಳ್ಳುವ ಒಂದು ಜೆಲ್ ಬರೆದುಕೊಟ್ಟರು. "ಹಚ್ಚಿದ ಜಾಗ ಹೆಣ್ಣುಮಕ್ಕಳಿಗೆ ತಾಗಬಾರದು. ಅವರ ಮಾರಿ ಮ್ಯಾಲೂ ಕೂದಲಾ ಬರಬಹುದು."

ಅವರು ಮುಂದೆ ಇನ್ನೂ ಏನೋ ಹೇಳುತ್ತಿದ್ದರು. ನಾನು ಆಗಲೇ ಮೆಟ್ಟಿಲು ಇಳಿಯುತ್ತಿದ್ದೆ. ಕಣ್ಣ ಮುಂದೆ ಶಿವಗಂಗಾ ಹುರಿಮೀಸೆ ಬಿಟ್ಟುಕೊಂಡು ರೊಟ್ಟಿ ಬಡಿಯುತ್ತಿದ್ದಳು.

ಅಂದಿನಿಂದ ನಾನು ಅವಳ ಕೈಗೆ ಸಿಗಲಿಲ್ಲ. ಕೇಡಿಗೆ ಆ ಜೆಲ್ ಕೆಲಸವನ್ನೂ ಮಾಡತೊಡಗಿತು. ಮಧ್ಯಾಹ್ನದ ನಿದ್ದೆ ಹೋಯಿತು. ಅವಳ ಜಡೆ ಬೆನ್ನ ಮೇಲೆ ಆಡುವುದು, ಹಿಟ್ಟು ಮೆತ್ತಿದ ಮೊಣಕೈಯಿಂದ ಅವಳು ಹಣೆಯ ಕೂದಲು ಸರಿಸುವುದು, ಎಲ್ಲ ಕಣ್ಣಿಗೆ ಬೀಳುತ್ತಿತ್ತು. ಆಸೆ ಬಂತು, ಹತ್ತಿರ ಹೋಗುವಂತಿಲ್ಲ. ಇಂಥ ಔಷಧ ಕಂಡುಹಿಡಿದ ಪುಣ್ಯಾತ್ಮ ಸಿಕ್ಕಿದ್ದರೆ ಅವನಿಗೆ ಎರಡು ಬಿಗಿಯುತ್ತಿದ್ದೆ.

ಮದುವೆಯ ಅರಿಶಿಣ ಸಂಜೆಗೆ ಎಂದಿದ್ದರು. ಬೆಳಿಗ್ಗೆ ನಾನು ಜೆಲ್ ಹಚ್ಚಿಕೊಂಡು ಬನಿಯನ್ ಹಾಕುವಷ್ಟರಲ್ಲಿ ಶಿವಗಂಗಾಳ ಸೋದರತ್ತೆ ಬಂಡೆಮ್ಮ ಮುತ್ತೈದೆಯರನ್ನು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಸಂಜಿಗೆ ನಳ ಬರೂದಿಲ್ಲಂತ. ಈಗ ಹಚ್ಚಿ ಎರದ ಬಿಡ್ತೀವಿ. ಬನೇನ್ ತಗಿ ಅಳಿಯಾ."

ಎಳೆದು ಮಣೆಯ ಮೇಲೆ ಕೂಡಿಸಿದರು, ಬನಿಯನ್ನನ್ನೂ ಎಳೆದರು. ಬಂಡೆಮ್ಮ ಎರಡೂ ಅಂಗೈಗೆ ಅರಿಶಿಣ ಬಳಿದುಕೊಂಡು ನನ್ನ ಹೆಗಲ ಮೇಲೆ ಬಾಗಿದಳು. ನಾನು ಚಂಗನೆ ಎದ್ದು ಗೋಡೆಗೆ ಆತುಕೊಂಡೆ.

"ಮುಟ್ಟಬ್ಯಾಡ್ರಿ. ಮುಟ್ಟಿದ್ರ ನಿಮಗೆಲ್ಲಾ ಮೀಸಿ ಬರತಾವ."

ಮುತ್ತೈದೆಯರ ಅರಿಶಿಣದ ಹಾಡು ನಿಂತಿತು. ಬಂಡೆಮ್ಮ ತನ್ನ ಮೇಲ್ತುಟಿ ಮುಟ್ಟಿ ನೋಡಿಕೊಂಡಳು. ಅಲ್ಲಿ ಆಗಲೇ ಸ್ವಲ್ಪ ಇತ್ತು.

"ನನಗ ಆಡಿಕೊಳ್ತಿಯೇನೋ ಮೂಳ? ಅರಿಶಿಣ ಬ್ಯಾಡಂದ್ರ ಲಗ್ನನೂ ಬ್ಯಾಡಂದಂಗ. ನಡೀರೆ ಹೋಗೂಣು."

ನಾನು ಮಾಳಿಗೆಗೆ ಓಡಿದೆ. ಸ್ವಲ್ಪ ಹೊತ್ತಿಗೆ ಸುದ್ದಿ ಕೇಳಿ ಶಿವಗಂಗಾ ತನ್ನ ಮನೆಯಿಂದ ಮೇಲೆ ಬಂದಳು. ಅವಳಿಗೆ ಅರಿಶಿಣ ಹಚ್ಚುವುದು ಅರ್ಧಕ್ಕೆ ನಿಂತಿತ್ತು. ಒಂದು ಕೆನ್ನೆ ಹಳದಿ, ಇನ್ನೊಂದು ಸಿಟ್ಟಿಗೆ ಕೆಂಪು. ಅಷ್ಟು ಚೆಂದ ಅವಳು ಎಂದೂ ಕಂಡಿರಲಿಲ್ಲ.

"ಹೇಳು," ಎಂದಳು. ಸಿಟ್ಟು ಬಂದರೆ ಅವಳ ಬಾಯಲ್ಲಿ 'ರೀ' ಉಳಿಯುವುದಿಲ್ಲ. "ನಾ ಬ್ಯಾಡಾಗಿದ್ರ ಈಗ ಹೇಳು. ಮಾರಿ ತೊಳಕೊಂಡು ಹೋಗಿ ರೊಟ್ಟಿ ಬಡೀತೀನಿ."

ನೀರಿನ ಟ್ಯಾಂಕಿಗೆ ಮುಖ ಮಾಡಿ ನಿಂತು ಎಲ್ಲ ಹೇಳಿದೆ. ಲೇಹ್ಯ, ರಕ್ತ, ಗ್ರಂಥಿ, ಜೆಲ್. "ಮ್ಯಾಲೆ ಗಟ್ಟಿ ಕಾಣತೀನಿ ಶಿವಗಂಗಾ, ಒಳಗ ಪೊಳ್ಳದೀನಿ. ಗೊತ್ತಾದ್ರ ಒಲ್ಲೆ ಅಂತಿ ಅಂತ ಹೇಳಲಿಲ್ಲ."

"ನನ್ನ ರೊಟ್ಟಿ ಉಂಡು ಕೋಣದಂಗ ಮಲಗತಿದ್ದಿ, ಇದಕ್ಕೇನು?" ಎಂದಳು.

"ಹೂಂ."

"ಹಿಟ್ಟಿನ್ಯಾಗ ಏನರೆ ಕಲಸ್ಯಾನಂತ ನಾ ಗಿರಣಿಯಾಂವನ ಕೂಡ ಜಗಳಾಡೀನಿ." ಮತ್ತೆ ಕೇಳಿದಳು, "ಡಾಕ್ಟರಿಗೆ ಲಗ್ನದ ಮಾತು ಹೇಳಿಯೇನು?"

"ಮದುವಿ ಆಗೇದೇನಂದ್ರು. ಇಲ್ಲಂದೆ. ಮಕ್ಕಳ ವಿಚಾರ ಐತೇನಂದ್ರು. ಅದೂ ಇಲ್ಲಂದೆ."

"ನನ್ನ ಕೇಳಿ ಅಂದಿಯೇನು? ಫೋನ್ ಹಚ್ಚು."

ಹಚ್ಚಿದೆ. ಅವಳು ಕಸಿದುಕೊಂಡು ಸ್ಪೀಕರ್ ಹಾಕಿ ಎಲ್ಲ ಹೇಳಿದಳು. ಡಾಕ್ಟರ್ ಶರ್ವರಿ ನಿಟ್ಟುಸಿರು ಬಿಟ್ಟದ್ದು ತಾರ್ನಾಕದಿಂದ ಸ್ಪಷ್ಟವಾಗಿ ಕೇಳಿಸಿತು.

"ಮೌನಪ್ಪನವರ, ಜೆಲ್ ಹಚ್ಚಿಕೋತ ಹೋದ್ರ ವೀರ್ಯದಾಗ ಬೀಜ ಕಡಿಮಿ ಆಗ್ತಾವ. ಮಕ್ಕಳು ಬೇಕನ್ನೋರಿಗೆ ಬ್ಯಾರೆ ಇಂಜೆಕ್ಷನ್ ಅವ. ಇವತ್ತಿಂದ ಹಚ್ಚಬ್ಯಾಡ್ರಿ. ಲಗ್ನ ಮುಗಿಸಿ ಇಬ್ಬರೂ ಬರ್ರಿ."

"ಈಗ ಅರಿಶಿಣ ಹಚ್ಚಬಹುದೇನ್ರಿ?" ಎಂದಳು ಶಿವಗಂಗಾ.

"ಸಾಬೂನು ಹಚ್ಚಿ ಚಂದಾಗಿ ತೊಳದ ಮ್ಯಾಲೆ ಹಚ್ಚರಿ. ಜೆಲ್ ಹಚ್ಚಿದ ದಿನಾನೂ, ಹೆಗಲು ಒಣಗಿ ಅಂಗಿ ಹಾಕ್ಕೊಂಡ ಮ್ಯಾಲೆ, ಅಂಗಿ ಮ್ಯಾಲೆ ಕೈ ಇಟ್ರ ಏನೂ ಆಗೂದಿಲ್ಲ. ಅದನ್ನ ಹೇಳೂದ್ರಾಗ ಎದ್ದು ಓಡಿದ್ರು."

ಫೋನ್ ಇಟ್ಟು ಶಿವಗಂಗಾ ನನ್ನನ್ನು ನೋಡಿದ ನೋಟಕ್ಕೆ ಟ್ಯಾಂಕಿನ ನೀರು ಕುದಿಯಬೇಕಿತ್ತು.

"ಅಂಗಿ ಮ್ಯಾಲೆ ಏನೂ ಆಗೂದಿಲ್ಲಂತ. ನಾ ಇಷ್ಟು ದಿನ ಕಂಬಿ ಹಿಡಕೊಂಡು ಕುಂತೀನಿ."

"ಇಂಜೆಕ್ಷನ್ನೂ ಕೆಲಸ ಮಾಡಲಿಲ್ಲಂದ್ರ?" ಎಂದೆ.

ಅವಳು ಹತ್ತಿರ ಬಂದು ಬೆರಳ ಗೆಣ್ಣಿನಿಂದ ನನ್ನ ಎದೆ ತಟ್ಟಿದಳು. ತಲೆ ವಾರೆ ಮಾಡಿ ಕೇಳಿದಳು. ಅದೇ ಮೊದಲ ದಿನದ ನೋಟ.

"ಪೊಳ್ಳಿಲ್ಲ. ಅಂಜಿಕಿ ತುಂಬೈತಿ, ಅಷ್ಟ. ಮಕ್ಕಳಾದ್ರೂ ಆಗದಿದ್ರೂ ನಾ ನಿನ್ನ ಕೂಡ ಇರಾಕಿ. ಆದ್ರ ನನಗ ಮಾತಾಡಾಂವ ಬೇಕು, ಪೆಟ್ರೋಲ್ ಟ್ಯಾಂಕ್ ಅಪ್ಪಿಕೊಳ್ಳಾಂವ ಅಲ್ಲ. ಹೋಗು, ತೊಳಕೊ."

ಮಾಳಿಗೆಯ ನಳದ ಕೆಳಗೆ ಕೂತು ಸಾಬೂನು ಹಚ್ಚಿ ತಿಕ್ಕಿದೆ. ಅವಳು ಸೊಂಟದ ಮೇಲೆ ಕೈ ಇಟ್ಟು ಮೇಸ್ತ್ರಿಯ ಹಾಗೆ ನಿಂತಿದ್ದಳು. "ಇನ್ನಾ ತಿಕ್ಕ್ರಿ." 'ರೀ' ವಾಪಸು ಬಂದಿತ್ತು. ನನ್ನ ಜೀವವೂ ಬಂತು.

ಇನ್ನೂ ಬಾಗಿಲು ದಾಟಿರದ ಬಂಡೆಮ್ಮ ಕೆಳಗಿನಿಂದ ಕೂಗಿದಳು, "ಏನಂತ, ಲಗ್ನ ಐತೋ ಇಲ್ಲೋ?"

ಶಿವಗಂಗಾ ತನ್ನ ಕೆನ್ನೆಯ ಅರಿಶಿಣವನ್ನು ಅಂಗೈಗೆ ಬಳಿದುಕೊಂಡು ನನ್ನ ಒದ್ದೆ ಹೆಗಲ ಮೇಲೆ ಕೈ ಇಟ್ಟಳು. ಮದುಮಗಳು ಮದುಮಗನಿಗೆ ಹೀಗೆ ಹಚ್ಚುವ ಪದ್ಧತಿ ನಮ್ಮಲ್ಲಿಲ್ಲ. ಹಚ್ಚಿದ ಕೈಯನ್ನು ಅವಳು ತೆಗೆಯಲೂ ಇಲ್ಲ.

"ಪೂರ್ತಿ ಹೋಗಿರದಿದ್ರ? ಮೀಸಿ ಬಂದ್ರ?"

"ಬಂದ್ರ ಬರಲಿ, ತಿರುವಿಕೊಂಡು ಅಡ್ಡಾಡತೀನಿ." ನನ್ನ ಮೇಲ್ತುಟಿಯ ನಾಲ್ಕು ಕೂದಲನ್ನು ನೋಡಿ ಕಣ್ಣಲ್ಲೇ ನಕ್ಕಳು. "ಮನ್ಯಾಗ ಒಬ್ಬರಿಗರೆ ಚಂದಾಗಿ ಇರಲಿ."

ಈ ಸಲ ನಾನು ಬಾಗಲಿಲ್ಲ.