ಬ್ರೇಕ್ ಇಲ್ಲದ ಸೈಕಲ್

“ಮುಂದಿನ ಬ್ರೇಕ್ ಆದ್ರೂ ಇರ್ಲಿ ಮಾಸ್ತರ. ರೇಸಿನ ದಿನ ಬಿಚ್ಚೂಣು.”

“ಬ್ರೇಕ್ ಇದ್ರ ಕಾಲು ಕಲಿಯೂದಿಲ್ಲ,” ಎಂದ ಚನ್ನಯ್ಯ.

ಗಂಗೆ ಸ್ಪ್ಯಾನರ್ ಕೆಳಗಿಟ್ಟು ಅವನನ್ನೇ ನೋಡಿದಳು. “ಬಿ.ಎಸ್ಸಿ. ಓದಿದವ್ರಿಗೆ ಬಿದ್ರ ರಕ್ತ ಬರೂದಿಲ್ಲೇನು?”

ಅವನು ನಕ್ಕ. ಆ ನಗುವಿಗಾಗಿಯೇ ಅವಳು ಇಂಥ ಮಾತು ಹುಡುಕಿ ಆಡುತ್ತಿದ್ದಳು.

ಶಿರಸಿಯ ಶಿವಲಿಂಗಪ್ಪನ ಸೈಕಲ್ ಅಂಗಡಿಯಲ್ಲಿ, ಅವನ ಕಣ್ಣು ಮಂಜಾದ ಮೇಲೆ, ಸೂಕ್ಷ್ಮ ಕೆಲಸವೆಲ್ಲ ಮಗಳು ಗಂಗೆಯದೇ. ಮುಂಬಯಿ ಸರಕಾರದ ಕಾಲದಲ್ಲಿ ಯಾವನೋ ಇಂಗ್ಲಿಷ್ ಸಾಹೇಬ ಬಿಟ್ಟುಹೋದ ಹಳೆಯ ರೋಡ್ ಸೈಕಲ್ಲನ್ನು ಹೈಸ್ಕೂಲಿನ ವಿಜ್ಞಾನದ ಮಾಸ್ತರ ಚನ್ನಯ್ಯ ಇಲ್ಲಿಗೆ ತಂದಿದ್ದ. 1961ರ ಜಿಲ್ಲಾ ಕ್ರೀಡಾಕೂಟದ ಟ್ರ್ಯಾಕ್ ರೇಸಿಗೆ ಅದು ಸಜ್ಜಾಗಬೇಕಿತ್ತು. ಗೇರ್ ಹೋಯಿತು, ಬ್ರೇಕ್ ಹೋಯಿತು, ಫ್ರೀವೀಲ್ ಹೋಯಿತು. ಆ ಜಾಗದಲ್ಲಿ ಒಂದೇ ಗಟ್ಟಿ ಹಲ್ಲುಚಕ್ರ. ಇನ್ನು ಗಾಲಿ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗಲೇಬೇಕು. ನಿಲ್ಲಬೇಕೆಂದರೆ ಕಾಲನ್ನು ಹಿಂದಕ್ಕೆ ಒತ್ತಬೇಕು. ಒತ್ತಿದಾಗ ಹಲ್ಲುಚಕ್ರ ಕಳಚದಂತೆ ತಡೆಯುವುದು ಅದರ ಮೇಲೆ ಕೂರುವ ಲಾಕ್‌ರಿಂಗ್ ಎಂಬ ಉಕ್ಕಿನ ಬಳೆ ಒಂದೇ.

ಅದನ್ನು ಬಿಗಿಯಬೇಕೆನ್ನುವಾಗ ಒಳಗಿನಿಂದ ಅಪ್ಪನ ಕೂಗು ಬಂತು. “ಗಂಗಾ, ಇಳಕಲ್ ಸೀರಿ ಉಟ್ಟು ಬಾ! ಹಾವೇರಿಯವ್ರು ಬಂದ್ರು.”

ಚನ್ನಯ್ಯ ತಿರುಗಿದ. “ಯಾರು?”

“ನನ್ನ ನೋಡಾಕ ಬಂದವ್ರು.”

“ನೀ ಏನಂತಿ?”

“ನನ್ನ ಯಾರು ಕೇಳ್ಯಾರ?”

ಅವನು ಬಗ್ಗಿ ಗಾಲಿಯ ಗಾಳಿ ಒತ್ತಿ ನೋಡತೊಡಗಿದ. ಗಂಗೆ ಕೈ ಒರೆಸಿಕೊಂಡು ಒಳಗೆ ನಡೆದಳು.

ಚಹಾದ ತಟ್ಟೆ ಹಿಡಿದು ನಿಂತಾಗ ಕಿಟಕಿಯಿಂದ ಅಂಗಡಿ ಕಂಡಿತು. ಸ್ಟ್ಯಾಂಡ್ ಖಾಲಿ; ಸೈಕಲ್ಲೂ ಇಲ್ಲ, ಮಾಸ್ತರನೂ ಇಲ್ಲ. ಬೆಂಚಿನ ಮೇಲೆ ಲಾಕ್‌ರಿಂಗ್ ಹೊಳೆಯುತ್ತಿತ್ತು.

ಇಸಳೂರಿನಲ್ಲಿ ಚನ್ನಯ್ಯನ ಮನೆ. ದಾರಿಯಲ್ಲಿ ಮೊದಲು ಏರು, ಆಮೇಲೆ ಉದ್ದನೆಯ ಇಳಿಜಾರು.

ತಟ್ಟೆ ನೆಲಕ್ಕಿಟ್ಟಳು. “ಗಂಗಾ!” ಎಂದ ಅಪ್ಪ. ಹುಡುಗನ ಸೋದರಮಾವ ಬಾಯಿ ತೆರೆದ. ಅಷ್ಟರಲ್ಲಿ ಅವಳು ರಿಪೇರಿಗೆ ಬಂದಿದ್ದ ನರ್ಸಬಾಯಿಯ ಲೇಡೀಸ್ ಸೈಕಲ್ ಹತ್ತಿಯಾಗಿತ್ತು. ಹಿತ್ತಲಲ್ಲಷ್ಟೇ ಸೈಕಲ್ ತುಳಿದವಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಡುಬೀದಿಗೆ ಇಳಿದಿದ್ದಳು.

“ಲೇ, ಶಿವಲಿಂಗಪ್ಪನ ಮಗಳಲ್ಲ?” ಯಾರೋ ಕೂಗಿದರು.

ಏರಿನ ತುದಿಯಲ್ಲಿ ಅವನ ಬಿಳಿ ಅಂಗಿ ಕಂಡಿತು. ಮರುಕ್ಷಣ ಮರೆಯಾಯಿತು. ಅವಳು ತುದಿ ತಲುಪಿದಾಗ ಅವನು ಕೂಗಳತೆಯಲ್ಲೇ ಇಳಿಯುತ್ತಿದ್ದ.

“ಮಾಸ್ತರ! ಹಿಂದಕ್ಕ ಒತ್ತಬ್ಯಾಡ್ರಿ!”

ಅವನು ಆಗಲೇ ಒತ್ತಿದ್ದ. ಕಟಕ್ ಎಂದಿತು. ಪೆಡಲ್ ಸಡಿಲಾಯಿತು, ಗಾಲಿ ಮಾತ್ರ ಓಡುತ್ತಲೇ ಇತ್ತು. ಕೆಳಗೆ, ರಸ್ತೆಗೆ ಅಡ್ಡಲಾಗಿ ಕಟ್ಟಿಗೆ ಹೇರಿದ ಚಕ್ಕಡಿಯೊಂದು ತಿರುಗುತ್ತಿತ್ತು.

ಗಂಗೆ ತುಳಿದಳು. ಪಕ್ಕಕ್ಕೆ ಬಂದವಳೇ ಎಡಗೈಯಿಂದ ಅವನ ಭುಜ ಹಿಡಿದು, ಬಲಗೈಯಿಂದ ತನ್ನ ಬ್ರೇಕ್ ಒತ್ತಿದಳು.

“ಹ್ಯಾಂಡಲ್ ನೆಟ್ಟಗಿರ್ಲಿ! ನನ್ನ ನೋಡಬ್ಯಾಡ್ರಿ!”

“ಹಿಡಿದೀಯಿಲ್ಲ?”

“ಹಿಡಿದೀನಿ.”

ರಬ್ಬರು ಸುಟ್ಟ ವಾಸನೆ. ಅಂಗಿಯ ಹೊಲಿಗೆ ಪರ್ ಎಂದಿತು. ಅವಳು ಬಿಡಲಿಲ್ಲ. ಎತ್ತಿನ ಬಿಸಿಯುಸಿರು ತಾಗುವಷ್ಟು ಹತ್ತಿರ ಎರಡೂ ಸೈಕಲ್ ನಿಂತವು.

ನಿಂತ ಮೇಲೂ ಭುಜದ ಮೇಲಿನ ಕೈ ಅಲ್ಲೇ ಇತ್ತು. ಚನ್ನಯ್ಯ ಅದನ್ನು ನೋಡಿದ, ಆಮೇಲೆ ಅವಳನ್ನು.

“ಮನ್ಯಾಗ ಬಂದವ್ರು?”

“ಚಹಾ ಕುಡ್ಯಾಕ ಹತ್ಯಾರ.”

“ನಿನ್ನ ಬ್ಯಾರೆ ಯಾರೂ ನೋಡಾಕ ಬರಬಾರದಂತ ಆಗಲೇ ಹೇಳಬೇಕಿತ್ತು. ಬಾಯಿ ಬರ್ಲಿಲ್ಲ.”

“ಬ್ರೇಕ್ ಬ್ಯಾಡ ಅನ್ನಾಕ ಮಾತ್ರ ಬಾಯಿ ಬರ್ತೈತಿ,” ಎಂದಳು. ಕಣ್ಣು ತುಂಬಿತ್ತು. “ನಡೀರಿ. ಅಪ್ಪನ ಮುಂದ ಹೇಳ್ರಿ.”

ಸೈಕಲ್ ತಳ್ಳಿಕೊಂಡು ಬಂದಾಗ ಶಿವಲಿಂಗಪ್ಪ ಬಾಗಿಲಲ್ಲೇ ನಿಂತಿದ್ದ. ಅವನ ಅಂಗೈಯಲ್ಲಿ ಲಾಕ್‌ರಿಂಗ್.

“ಕಾಕಾ, ತಪ್ಪು ನಂದು...” ಚನ್ನಯ್ಯ ಶುರುಮಾಡಿದ.

“ತಡಿ.” ಅವನು ಮಗಳ ಕಡೆ ತಿರುಗಿದ. “ಇಷ್ಟು ವರ್ಷದಾಗ ನೀ ಒಂದು ನಟ್ ಸೈತ ಮರ್ತಿಲ್ಲ. ಇದನ್ನ ಹ್ಯಾಂಗ ಮರ್ತಿ?”

ಗಂಗೆ ತಲೆ ತಗ್ಗಿಸಲಿಲ್ಲ. ಚನ್ನಯ್ಯನ ಕಡೆ ನೋಡಿದಳು, ಅಷ್ಟೆ.

ಶಿವಲಿಂಗಪ್ಪ ಮಗಳ ನೋಟ ಹೋದತ್ತ ಒಂದು ಹೆಜ್ಜೆ ಇಟ್ಟ. ಲಾಕ್‌ರಿಂಗನ್ನು ಚನ್ನಯ್ಯನ ಕೈಗಿಟ್ಟ.

“ಗಾಲಿ ಗಟ್ಟಿ ಹಿಡ್ಕೋ. ಆಕಿ ಬಿಗೀಲಿ,” ಎಂದು, ಒಳಗಿದ್ದ ಹಾವೇರಿಯವರಿಗೆ ಕೈಮುಗಿದು ಕಳಿಸಲು ನಡೆದ.